ದೊಡ್ಡ ಯಜಮಾನರಿಗೊಂದು ಡಬ್ಬ

ಮನುಷ್ಯ ಕೆಡುವುದಕ್ಕೆ ಅಧಿಕಾರವೇ ಸಿಗಬೇಕೆಂದಿಲ್ಲ, ಅಧಿಕಾರದ ಹೆಸರೊಂದು ಸಿಕ್ಕರೆ ಸಾಕು. ಇದನ್ನು ನಾನು ಮಂತ್ರಿಗಳನ್ನೋ ತಹಸೀಲ್ದಾರರನ್ನೋ ನೋಡಿ ಹೇಳುತ್ತಿಲ್ಲ, ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಎರಡು ವರ್ಷದ ಕೆಳಗೆ ನಾನು ಪೋಸ್ಟ್ ಮಾಸ್ಟರ್ ಆದೆ. ಅಂಚೆ ಇಲಾಖೆಯಲ್ಲಲ್ಲ, ಕೊಳ್ಳೇಗಾಲದ ಒಂದು ರೇಷ್ಮೆ ಅಂಗಡಿಯ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನೊಳಗೆ. ಹಾಗೆ ಆಗಿದ್ದಕ್ಕೆ ಒಬ್ಬ ಮರ್ಯಾದಸ್ಥ ಮನುಷ್ಯ ಕೆಲಸ ಬಿಟ್ಟು ಹೋಗಬೇಕಾಯಿತು.

ಮೊದಲಿಂದ ಹೇಳುತ್ತೇನೆ. ನನ್ನಪ್ಪ ಯಳಂದೂರಿನವರು. ಅವರ ಕಣ್ಣಿಗೆ ಭೂಮಿಯ ಮೇಲೆ ದೊಡ್ಡ ಉದ್ಯೋಗವೆಂದರೆ ಪೋಸ್ಟ್ ಮಾಸ್ಟರಿಕೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಹಿಂದೆ ಕೂತು, ಊರಿನವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಬಹುದಲ್ಲ! ಮಗನೂ ಹಾಗಾಗಲಿ ಎಂದು ಅಂಚೆ ಇಲಾಖೆಯ ಪರೀಕ್ಷೆಗೆ ನನ್ನನ್ನು ಎರಡು ಸಲ ಕೂರಿಸಿದರು. ಎರಡು ಸಲವೂ ಫೇಲಾದೆ. ಆಮೇಲೆ ಕೊಳ್ಳೇಗಾಲದ ಈ ಅಂಗಡಿಗೆ ಪತ್ರ ಬರೆಯುವ ಗುಮಾಸ್ತನಾಗಿ ಸೇರಿ, ಬೊಂಬಾಯಿ, ಸೂರತ್ತು, ಕಾಂಚೀಪುರದ ವ್ಯಾಪಾರಿಗಳಿಗೆ ಇಪ್ಪತ್ತೈದು ವರ್ಷ ಕಾಗದ ಟೈಪು ಮಾಡಿದೆ. ಅಂಗಡಿಯೆಂದರೆ ದೊಡ್ಡದೇನಲ್ಲ. ಹನೂರಿನಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ಶೆಡ್ಡು, ಯಳಂದೂರಿನಲ್ಲಿ ಆ ನೂಲನ್ನು ಹುರಿ ಮಾಡುವ ಒಂದು ಶೆಡ್ಡು, ಕೊಳ್ಳೇಗಾಲದಲ್ಲಿ ಆಫೀಸು ಮತ್ತು ಗೋಡೌನು. ಇದನ್ನೆಲ್ಲ ಕಟ್ಟಿದವರು ಚನ್ನಬಸಪ್ಪನವರು, ನಮ್ಮೆಲ್ಲರ ಬಾಯಲ್ಲಿ ದೊಡ್ಡ ಯಜಮಾನರು. ಅವರು ಲಿಂಗೈಕ್ಯರಾಗಿ ಹತ್ತು ವರ್ಷವಾಗಿತ್ತು. ಆದರೂ ಅಂಗಡಿಯಿಂದ ಹೋಗುವ ಪ್ರತಿ ಕಾಗದದ ಕೆಳಗೆ ಅವರ ಹೆಸರನ್ನೇ ಟೈಪು ಮಾಡಿ, ಪಕ್ಕದಲ್ಲಿ ನಾನು ಸಣ್ಣದಾಗಿ ರುಜು ಹಾಕುತ್ತಿದ್ದೆ. ಮಗ, ಅಂದರೆ ಈಗಿನ ಯಜಮಾನರು, 'ಅಪ್ಪಾಜಿ ಹೆಸರು ತೆಗೀಬೇಡಿ ಗುರುಸಿದ್ದಯ್ಯ, ಆ ಹೆಸರು ನೋಡಿಯೇ ಜನ ನೂಲು ಕೊಳ್ಳೋದು' ಎಂದಿದ್ದರು.

ಇನ್ನೊಬ್ಬರನ್ನು ನಿಮಗೆ ಪರಿಚಯ ಮಾಡಿಸಬೇಕು. ಮಾದಯ್ಯ. ಹನೂರಿನ ಕಡೆಯ ಹೂಗ್ಯದವನು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಅಂಗಡಿಯ ಬೀಗದ ಕೈ ಅವನ ಸೊಂಟದಲ್ಲಿ. ಎಂಬತ್ತರ ದಶಕದಲ್ಲಿ ಗೋಡೌನಿನ ವೈರು ಸುಟ್ಟು ಬೆಂಕಿ ಹತ್ತಿದಾಗ ನೂಲಿನ ಗಂಟುಗಳನ್ನು ತಬ್ಬಿಕೊಂಡು ಹೊರಗೆ ಹಾಕಿದವನು ಅವನು. ಎಡಗೈಯ ಚರ್ಮ ಇವತ್ತಿಗೂ ಸುಕ್ಕುಸುಕ್ಕಾಗಿದೆ. ಅಂದಿನಿಂದ ದೊಡ್ಡ ಯಜಮಾನರ ಕಟ್ಟಪ್ಪಣೆ: ಸಂಜೆ ಬಾಗಿಲು ಹಾಕುವ ಮುಂಚೆ ಮೇನ್ ಸ್ವಿಚ್ಚು ಇಳಿಸಲೇಬೇಕು. ಮಾದಯ್ಯ 'ಮಾದಪ್ಪಾ, ಕಾಪಾಡಪ್ಪಾ' ಎಂದು ಸ್ವಿಚ್ಚು ಇಳಿಸಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡೇ ಬೀಗ ಹಾಕುತ್ತಿದ್ದ. ಬೆಳಗ್ಗೆ ಟಪಾಲು ಬಂದರೆ ದೊಡ್ಡ ಯಜಮಾನರ ಹೆಸರಿಗಿರುವ ಕಾಗದಗಳನ್ನು ಮೊದಲು ಅವರ ಫೋಟೋದ ಮುಂದಿಟ್ಟು, ಒಂದು ನಿಮಿಷ ಬಿಟ್ಟು, ಆಮೇಲೆ ನನ್ನ ಮೇಜಿಗೆ ತರುತ್ತಿದ್ದ. 'ಏನು ಮಾದಯ್ಯ, ಓದಿ ಮುಗಿಸಿದರಾ?' ಎಂದು ನಾನು ಛೇಡಿಸಿದರೆ, 'ಊಂ ಸಾ, ತಕಳಿ' ಎಂದು ಗಂಭೀರವಾಗಿಯೇ ಕೊಡುತ್ತಿದ್ದ.

ಹೀಗಿರುವಾಗ ಯಜಮಾನರು ಬೊಂಬಾಯಿಗೆ ಹೋಗಿ ಬಂದರು. ಅಲ್ಲಿ ಎಲ್ಲರದೂ ಈ-ಮೇಲಂತೆ. ಬಂದವರೇ, 'ನಮ್ಮದೇ ಆಫೀಸಿನಲ್ಲಿ ನಮ್ಮದೇ ಮೇಲ್ ಸರ್ವರ್ ಇಡೋಣ, ಹನೂರು, ಯಳಂದೂರಿಗೂ ಅದರಿಂದಲೇ ಕಾಗದ ಹೋಗಲಿ' ಎಂದರು. ಮೈಸೂರಿನಿಂದ ಒಬ್ಬರು ಎಂಜಿನಿಯರ್ ಮೇಡಂ ಬಂದರು. ನಡುವಯಸ್ಸಿನವರು, ಮಾತು ಕಡಿಮೆ. ಫೋನಿನ ಲೈನಿಗೆ ಮೋಡೆಮ್ ಎಂಬ ಪೆಟ್ಟಿಗೆ ಜೋಡಿಸಿದರು. ಅದು ದಿನಕ್ಕೆ ನಾಲ್ಕು ಸಲ ಕೀಂಯ್ ಗುಟ್ಟುತ್ತಾ ಹೊರಗಿನ ಕಾಗದಗಳನ್ನು ತಂದು, ಯಾರ ಹೆಸರಿಗೆ ಬಂದಿದೆಯೋ ಕಂಪ್ಯೂಟರಿನೊಳಗೆ ಅವರವರ ಡಬ್ಬಕ್ಕೆ ಹಾಕುತ್ತದೆ ಎಂದರು. 'ಯಾರ್ಯಾರಿಗೆ ಡಬ್ಬ ಬೇಕು?' ಎಂದು ಕೇಳಿದಾಗ ಪಟ್ಟಿ ಕೊಟ್ಟವನು ನಾನು. ಯಜಮಾನರಿಗೊಂದು, ಹನೂರಿಗೊಂದು, ಯಳಂದೂರಿಗೊಂದು, ನನಗೊಂದು.

ಬಾಗಿಲ ಬಳಿ ನಿಂತಿದ್ದ ಮಾದಯ್ಯ ಕೇಳಿದ, 'ದೊಡ್ಡೆಜಮಾನ್ರಿಗೆ ಒಂದು ಡಬ್ಬ ಬ್ಯಾಡ್ವಾ ಸಾ?'

ನಾನು ಮೇಡಂ ಮುಖ ನೋಡಿ ನಕ್ಕೆ. 'ಮಾದಯ್ಯ, ಸ್ವರ್ಗಕ್ಕೆ ಇನ್ನೂ ಫೋನ್ ಲೈನ್ ಎಳೆದಿಲ್ಲ ಕಣಪ್ಪಾ!' ಮೇಡಂ ನಗಲಿಲ್ಲ. ಮಾದಯ್ಯನೂ ನಗಲಿಲ್ಲ. ಅವನು ಹೊರಗೆ ಹೋದ.

ಆಮೇಲೆ ಮೇಡಂ, 'ಇಲ್ಲಿ ಒಬ್ಬರು ಪೋಸ್ಟ್ ಮಾಸ್ಟರ್ ಅಂತ ಇರಬೇಕು. ಅದು ನೀವಾಗ್ತೀರಾ ಸಾರ್?' ಎಂದರು. ಅಯ್ಯೋ, ಆ ಕ್ಷಣ ನನಗಾದ ಪುಳಕವನ್ನು ಏನೆಂದು ಹೇಳಲಿ! ಎರಡು ಸಲ ಫೇಲಾದವನಿಗೆ ಪರೀಕ್ಷೆಯೇ ಇಲ್ಲದೆ ಮನೆ ಬಾಗಿಲಿಗೆ ಬಂದ ಹುದ್ದೆ. ಅಪ್ಪ ಇರಬೇಕಿತ್ತು ಅಂದುಕೊಂಡೆ, ಕಣ್ಣು ಒದ್ದೆಯಾಯಿತು. ಆ ಹೊತ್ತಿನಲ್ಲೇ ಮೇಡಂ, ಡಬ್ಬವಿಲ್ಲದ ಹೆಸರಿಗೆ ಬಂದ ಕಾಗದಗಳೆಲ್ಲ ಪೋಸ್ಟ್ ಮಾಸ್ಟರ್ ಡಬ್ಬಕ್ಕೆ ಬೀಳುತ್ತವೆ, ದಿನಾ ತೆಗೆದು ನೋಡಬೇಕು ಎಂದು ಹೇಳಿದರಂತೆ. ನಾನು 'ಆಗಲಿ ಮೇಡಂ' ಎಂದೆನಂತೆ. ನನಗೆ ಒಂದಕ್ಷರವೂ ನೆನಪಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಹುದ್ದೆಯ ವಿಷಯ ಹೇಳಿದೆ. ಅವಳು 'ಹಾಗಾದರೆ ನಾಳೆ ನನಗೆ ಎರಡು ಇನ್‌ಲ್ಯಾಂಡ್ ಲೆಟರ್ ತನ್ನಿ' ಎಂದಳು.

ಮರುದಿನವೇ ಎಲ್ಲ ವ್ಯಾಪಾರಿಗಳಿಗೂ ಒಂದು ಚೆಂದದ ಸುತ್ತೋಲೆ ಹೊರಡಿಸಿದೆ. ಇನ್ನು ಮುಂದೆ ಈ-ಮೇಲ್ ಮಾಡಿ, ಮೊದಲು ವ್ಯಕ್ತಿಯ ಹೆಸರು, ಆಮೇಲೆ ನಮ್ಮ ಅಂಗಡಿಯ ಹೆಸರು ಹಾಕಿದರೆ ತಕ್ಷಣ ತಲುಪುತ್ತದೆ ಎಂದು ಬರೆದು, ಕೆಳಗೆ ವಾಡಿಕೆಯಂತೆ ದೊಡ್ಡ ಯಜಮಾನರ ಹೆಸರು ಟೈಪು ಮಾಡಿ ರುಜು ಹಾಕಿದೆ. ಏನು ಮಾಡಿದೆನೆಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು.

ಮೂರು ವಾರ ಹೊರಗಿನಿಂದ ಒಂದು ಕಾಗದವೂ ಇಲ್ಲ. ನನ್ನ ಡಬ್ಬದಲ್ಲಿ ಇದ್ದದ್ದು ಒಂದೇ ಒಂದು, ಪರೀಕ್ಷೆಗೆಂದು ನಾನೇ ನನಗೆ ಬರೆದುಕೊಂಡದ್ದು. ಕೊನೆಗೆ ಬೊಂಬಾಯಿಯ ಹಳೆಯ ಗಿರಾಕಿ ಯಜಮಾನರಿಗೆ ಫೋನು ಮಾಡಿ, ಮೂರು ಸಲ ಬರೆದರೂ ಉತ್ತರವಿಲ್ಲ, ಈ ವಾರ ತಿಳಿಸದಿದ್ದರೆ ನೂಲನ್ನು ಬೇರೆ ಕಡೆ ತೆಗೆದುಕೊಳ್ಳುತ್ತೇವೆ ಎಂದರು. ಆ ಗಿರಾಕಿ ಹೋದರೆ ಯಳಂದೂರಿನ ಶೆಡ್ಡು ಅರ್ಧ ನಿಂತ ಹಾಗೆ. ಯಜಮಾನರು ನನ್ನ ಮೇಜಿನ ಮುಂದೆ ಬಂದು ನಿಂತರು. 'ಏನ್ರೀ ಪೋಸ್ಟ್ ಮಾಸ್ಟ್ರೇ, ಕಾಗದ ಎಲ್ಲಿ?'

ನನ್ನ ನಾಲಿಗೆ ನನಗಿಂತ ಚುರುಕು. 'ಸಂಜೆ ಮಾದಯ್ಯ ಮೇನ್ ಇಳಿಸಿಬಿಡುತ್ತಾನಲ್ಲ ಸಾರ್, ಮೆಷೀನು ಸತ್ತು ಹೋಗುತ್ತೆ. ಬಂದ ಕಾಗದ ಎಲ್ಲಿ ನಿಲ್ಲಬೇಕು?' ಎಂದೆ. ಸುಳ್ಳೆಂದು ಗೊತ್ತಿದ್ದು ಹೇಳಿದ್ದಲ್ಲ. ನಿಜವೆಂದು ಗೊತ್ತಿದ್ದೂ ಹೇಳಿದ್ದಲ್ಲ.

ಮಾದಯ್ಯ ಅಲ್ಲೇ ಇದ್ದ. 'ನಾನು ಮೇನು ಇಳ್ಸಿದ್ದಕ್ಕೆ ಕಾಗ್ದ ಸತ್ತೋದ್ವಾ ಸಾ?' ಎಂದು ಕೇಳಿದ. ನಾನು ಟೈಪ್ ರೈಟರಿನ ಮೇಲಿನ ಧೂಳು ಒರೆಸತೊಡಗಿದೆ. ಯಜಮಾನರು ಒಳಗೆ ಹೋದರು. ಮಾದಯ್ಯ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ದೊಡ್ಡ ಯಜಮಾನರ ಫೋಟೋದ ಮುಂದಿಟ್ಟ. 'ಈ ಕೈಯಿಂದ ಅಂಗ್ಡಿಗೆ ಕೇಡಾಯ್ತದೆ ಅಂದ್ರೆ ಬ್ಯಾಡ ಸಾ. ನಾನು ಊರಿಗೆ ಓಯ್ತೀನಿ' ಎಂದು ಹನೂರಿನ ಬಸ್ಸು ಹತ್ತಿಬಿಟ್ಟ.

ಎರಡು ದಿನ ನಾನೇ ಬೀಗ ಹಾಕಿದೆ, ಮೇನ್ ಇಳಿಸಲಿಲ್ಲ. ಕಾಗದ ಬರಲಿಲ್ಲ. ಮೂರನೆಯ ದಿನ ತಡೆಯಲಾರದೆ ಮೈಸೂರಿಗೆ ಫೋನು ಮಾಡಿದೆ. ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, 'ಮೇನ್ ಇಳಿಸಿದರೆ ಕಾಗದ ಹೋಗಲ್ಲ ಸಾರ್, ಹೊರಗೆ ಕಾದಿದ್ದು ಬೆಳಗ್ಗೆ ಬರುತ್ತೆ. ಪೋಸ್ಟ್ ಮಾಸ್ಟರ್ ಡಬ್ಬ ದಿನಾ ನೋಡ್ತಿದ್ದೀರಿ ತಾನೆ?' ಎಂದರು.

ನೋಡುವುದೆ? ಪೋಸ್ಟ್ ಮಾಸ್ಟರಿಗೆ ಯಾರಾದರೂ ಕಾಗದ ಬರೆಯುತ್ತಾರೆಯೆ? ಊರಿನವರಿಗೆಲ್ಲ ಬಂದ ಕಾಗದ ಅವನ ಕೈಮೇಲೆ ಹೋಗುತ್ತದೆ ಅಷ್ಟೆ, ಎಂದುಕೊಂಡೇ ನಾನು ಮೂರು ವಾರ ಆ ಹುದ್ದೆಯಲ್ಲಿ ಮೆರೆದಿದ್ದೆ. ಡಬ್ಬ ತೆರೆದೆ. ನಲವತ್ತು ಕಾಗದಗಳಿದ್ದವು. ಬೊಂಬಾಯಿಯದು ಮೂರು, ಸೂರತ್ತಿನದು, ಕಾಂಚೀಪುರದ್ದು. ಎಲ್ಲವೂ ನನ್ನ ಸುತ್ತೋಲೆಯ ಕೆಳಗಿದ್ದ ಹೆಸರಿಗೇ, ಚನ್ನಬಸಪ್ಪನವರಿಗೆ. ಆ ಹೆಸರಿನ ಡಬ್ಬ ಮೆಷೀನಿನಲ್ಲಿ ಇರಲಿಲ್ಲ, ಏಕೆಂದರೆ ನಾನು ಬೇಡವೆಂದು ನಕ್ಕಿದ್ದೆ. ಬೊಂಬಾಯಿಗೆ ಅಂದೇ ಉತ್ತರ ಬರೆದೆ. ಯಜಮಾನರಿಗೆ ನಿಜ ಒಪ್ಪಿಸಿದೆ. ಅವರು ತಂದೆಯ ಫೋಟೋ ನೋಡಿ, 'ಹೋಗಿ ಕರಕೊಂಡು ಬನ್ನಿ' ಎಂದಷ್ಟೇ ಹೇಳಿದರು.

ಹೂಗ್ಯದಲ್ಲಿ ಮಾದಯ್ಯ ಮಗಳ ಮನೆಯ ಮುಂದೆ ಹುರುಳಿ ಬಡಿಯುತ್ತಿದ್ದ. ಇಪ್ಪತ್ತೈದು ವರ್ಷದಲ್ಲಿ 'ತಮ್ಮಲ್ಲಿ ಕ್ಷಮೆ ಕೋರುತ್ತಾ' ಎಂದು ಎಷ್ಟು ಕಾಗದ ಟೈಪು ಮಾಡಿದ್ದೇನೋ, ಬಾಯಲ್ಲಿ ಹೇಳಲು ಹೋದರೆ ಒಂದು ಪದವೂ ಹೊರಡಲಿಲ್ಲ. ಕೊನೆಗೆ, 'ತಪ್ಪು ನಂದು ಮಾದಯ್ಯ. ಕಾಗದ ಸತ್ತಿರಲಿಲ್ಲ. ನನ್ನ ಪೋಸ್ಟ್ ಮಾಸ್ಟರ್ ಡಬ್ಬದಲ್ಲೇ ಬಿದ್ದಿದ್ದವು, ನಾನು ನೋಡಿರಲಿಲ್ಲ' ಎಂದೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕೇಳಿದ್ದು ಒಂದೇ. 'ಯಾರ ಎಸ್ರಿಗೆ ಬಂದಿದ್ವು ಸಾ?'

'ದೊಡ್ಡ ಯಜಮಾನರ ಹೆಸರಿಗೆ.'

ಕೋಲು ಕೆಳಗಿಟ್ಟ. ಟವೆಲಿನಿಂದ ಮುಖ ಒರೆಸಿಕೊಂಡ. 'ಅಂಗಾರೆ ಬೊಂಬಾಯೋರು ಇನ್ನೂ ಅವ್ರ ಮರ್ತಿಲ್ಲ' ಎಂದ. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

ಈಗ ಎಲ್ಲವೂ ಸರಿಯಾಗಿದೆ. ಬೊಂಬಾಯಿಯವರು ಉಳಿದರು. ಕಂಪ್ಯೂಟರಿಗೆ ಬೇರೆ ವೈರು ಎಳೆಸಿದ್ದಾರೆ, ಉಳಿದದ್ದಕ್ಕೆಲ್ಲ ಮಾದಯ್ಯ ಸಂಜೆ ಮೇನ್ ಇಳಿಸಿ ಕೈ ಕಣ್ಣಿಗೊತ್ತಿಕೊಳ್ಳುತ್ತಾನೆ. ದೊಡ್ಡ ಯಜಮಾನರಿಗೆ ಒಂದು ಡಬ್ಬ ಆಗಿದೆ. ಬೆಳಗ್ಗೆ ಅದರಲ್ಲಿ ಬಂದದ್ದನ್ನು ನಾನು ಪ್ರಿಂಟು ತೆಗೆದು ಕೊಡುತ್ತೇನೆ. ಮಾದಯ್ಯ ಅದನ್ನು ಫೋಟೋದ ಮುಂದಿಟ್ಟು, ಒಂದು ನಿಮಿಷ ಬಿಟ್ಟು, ನನಗೇ ತಂದು ಕೊಡುತ್ತಾನೆ. ಓದಿ ಮುಗಿಸಿದರಾ ಎಂದು ನಾನೀಗ ಕೇಳುವುದಿಲ್ಲ, ನಾನೂ ಆ ಒಂದು ನಿಮಿಷ ಸುಮ್ಮನೆ ಕಾಯುತ್ತೇನೆ.

ಹೋಗಿ ಹನ್ನೆರಡು ವರ್ಷವಾದ ಅವರಿಗೆ ದಿನಕ್ಕೆ ಆರೇಳು ಕಾಗದ ಬರುತ್ತವೆ. ನನ್ನ ಹೆಸರಿನ ಡಬ್ಬವನ್ನೂ ದಿನಾ ತೆರೆದು ನೋಡುತ್ತೇನೆ. ಮಾದಯ್ಯ ಪಕ್ಕದಲ್ಲಿ ಬಂದು ನಿಂತು, ಅಕ್ಕರೆಯಿಂದಲೇ, 'ನಿಮ್ಗೇನಾರ ಬಂತಾ ಸಾ?' ಎಂದು ಕೇಳುತ್ತಾನೆ. ಬಂದಿದೆ ಎನ್ನುತ್ತೇನೆ. ಎರಡು ವರ್ಷದ ಕೆಳಗೆ ನಾನೇ ನನಗೆ ಬರೆದುಕೊಂಡ ಆ ಒಂದು ಕಾಗದ ಇನ್ನೂ ಅಲ್ಲೇ ಇದೆ. ಅದಕ್ಕೂ ನಾನು ಉತ್ತರ ಬರೆದಿಲ್ಲ.