ಮಂಗಳವಾರ ಬಾಗಿಲು ತೆಗೆದ ಕಟಿಂಗ್ ಅಂಗಡಿ

ಹಿರಿಯೂರು ಬಸ್ ಸ್ಟ್ಯಾಂಡ್ ಹತ್ತಿರ ನಮ್ಮಪ್ಪನ ಕಾಲದಿಂದ ನಮ್ಮದೊಂದು ಕಟಿಂಗ್ ಅಂಗಡಿ ಇದೆ. ಅಲ್ಲಿ ದಿನಾ ಏನಾದರೊಂದು ನಡೀತಾನೇ ಇರುತ್ತೆ, ನಗ್ತೀವಿ, ಮರೀತೀವಿ. ಆದರೆ ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಕೂತಿದ್ದು ಮಂಗಳವಾರಗಳಲ್ಲಿ.

ಯಾಕೆ ಅಂತ ಕೇಳಿದ್ದು

ಮಂಗಳವಾರ ಕಟಿಂಗ್ ಅಂಗಡಿ ಮುಚ್ಚಿರುತ್ತೆ ಅನ್ನೋದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ಮೇಲೆ, ಒಂದು ಮಂಗಳವಾರ ಮನೆಯಲ್ಲಿ ಸುಮ್ಮನೆ ಕೂತು ಕೂತು ತಲೆ ಕೆಟ್ಟು ದೊಡ್ಡಪ್ಪನ ಹತ್ತಿರ ಹೋದೆ. ಅವರದೂ ಇದೇ ಕಸುಬು.

"ದೊಡ್ಡಪ್ಪ, ಮಂಗಳವಾರ ಯಾಕೆ ಬಾಗಿಲು ಹಾಕ್ತೀವಿ?"

"ಗಿರಾಕಿ ಬರಲ್ಲ ಕಣಪ್ಪ, ಅದಕ್ಕೆ."

ಪಕ್ಕದ ಬೇಕರಿಯವನನ್ನ ಕೇಳಿದೆ, "ಮಂಗಳವಾರ ಯಾಕೆ ಕಟಿಂಗಿಗೆ ಬರಲ್ಲ?"

"ನೀವು ಬಾಗಿಲು ತೆಗಿಯಲ್ವಲ್ಲ, ಅದಕ್ಕೆ."

ಓಡಿಹೋಗಿ ದೊಡ್ಡಪ್ಪನಿಗೆ ಇದನ್ನ ಹೇಳಿದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ಹೇಳಿದರು: "ಹೆಂಗೂ ಇಬ್ರಿಗೂ ಒಪ್ಪಿಗೆ ಐತಲ್ಲ, ನಿಂದೇನು ಮಧ್ಯ?"

ಹಾರ

ಮುಂದಿನ ಮಂಗಳವಾರ ಬಾಗಿಲು ತೆಗೆದೆ. ಕುರ್ಚಿ ಒರೆಸಿ, ಊದುಬತ್ತಿ ಹಚ್ಚಿ ನಿಂತೆ. ರಸ್ತೆಯಲ್ಲಿ ಹೋಗೋರೆಲ್ಲ ನಿಂತು ನೋಡೋರು. ಒಳಗೆ ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಹೂವಿನ ಅಂಗಡಿಯ ಅಜ್ಜಿ ಮೆಲ್ಲಗೆ ಬಂದು ಕೇಳಿದಳು: "ಯಾರಪ್ಪ ಹೋಗಿದ್ದು?"

ಮಂಗಳವಾರ ನಮ್ಮ ಕತ್ತರಿ ಹೊರಗೆ ಬಂದರೆ ಯಾರದೋ ಮನೆಯಲ್ಲಿ ಸಾವಾಗಿದೆ ಅಂತಲೇ ಲೆಕ್ಕ. "ಯಾರೂ ಹೋಗಿಲ್ಲ ಅಜ್ಜಿ" ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ಪಾಪ, ಇವನಿಗೆ ಹೇಳ್ಕಣಕ್ಕೂ ಆಗ್ತಿಲ್ಲ" ಅಂತ ಕಣ್ಣು ಒರೆಸಿಕೊಂಡು ಹೋದಳು.

ಆ ಮಾತು ಬಸ್ ಹತ್ತಿ ನನ್ನ ಹೆಂಡತಿಯ ತವರು ಧರ್ಮಪುರ ಮುಟ್ಟಿತು. ಮಧ್ಯಾಹ್ನ ಅವಳ ತಮ್ಮ ಏದುಸಿರು ಬಿಡ್ತಾ ಬಂದು ಬಾಗಿಲಲ್ಲೇ ನಿಂತ. ಕೈಯಲ್ಲಿ ದಪ್ಪ ಹಾರ.

"ಭಾವ! ನೀವು ಇದೀರಾ?"

"ಇದೀನಪ್ಪ."

ಅವನು ಒಂದು ಸಲ ನನ್ನನ್ನ, ಒಂದು ಸಲ ಹಾರವನ್ನ ನೋಡಿದ. "ಬಾಡೋಗ್ತೈತೆ" ಅಂದ.

ಮೇಷ್ಟ್ರ ಭಾಷಣ

ನಾನು ಬಿಡಲಿಲ್ಲ. ಪ್ರತಿ ಮಂಗಳವಾರ ಬಾಗಿಲು ತೆಗೆದೆ. ಫ್ಯಾನ್ ಕೆಳಗೆ ಕೂತು ಪೇಪರ್ ಓದೋಕೆ ಜನ ಬಂದರು. ಓದಿ ಎದ್ದು ಹೋದರು. ಅವರು ಹೋದ ಮೇಲೆ ನಾನೊಬ್ಬನೇ. ಎದುರಿಗೆ ಕನ್ನಡಿಯೊಳಗೆ ಇನ್ನೊಬ್ಬ ಕೂತಿರುತ್ತಿದ್ದ, ಅವನೂ ಕಟಿಂಗಿಗೆ ಬಂದವನಲ್ಲ. "ಮನೇಲಿ ಮಲಗಿದ್ರೆ ಬೆನ್ನಾದ್ರೂ ನೆಟ್ಟಗಾಗ್ತಿತ್ತು" ಅಂತ ಹೆಂಡತಿ ಅನ್ನೋಳು. ಅವಳು ಹೇಳೋದೇ ಸರಿ ಅನ್ನಿಸೋಕೆ ಶುರುವಾಗಿತ್ತು.

ಆಗ ಬಂದರು ಮೇಷ್ಟ್ರು. ಚಿತ್ರದುರ್ಗದಲ್ಲಿ ಕಾಲೇಜು ಮೇಷ್ಟ್ರು, ಮನೆ ನಮ್ಮೂರಲ್ಲೇ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ಊರೂರಲ್ಲಿ ಭಾಷಣ ಮಾಡೋರು. ನನ್ನ ಕೈ ಹಿಡಿದು ಕುಲುಕಿ, ಪೇಪರ್ ಓದ್ತಿದ್ದವರ ಮುಂದೆ ನಿಂತು, ಈ ಅಂಗಡಿಯಿಂದಲೇ ಬದಲಾವಣೆ ಶುರು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಟ್ಟೆ ಕೊಡವಿದೆ.

"ಬರ್ರಿ ಸಾರ್, ಕುಂತ್ಕಳ್ರಿ."

ಮೇಷ್ಟ್ರು ತಲೆ ಸವರಿಕೊಂಡರು. "ನನಗೇನೂ ಅಡ್ಡಿ ಇಲ್ಲಪ್ಪ. ನಮ್ಮತ್ತೆ ಬಂದವ್ರೆ ಮನೆಗೆ. ಅವರು ಊರಿಗೆ ಹೋಗ್ಲಿ, ಬರ್ತೀನಿ."

"ಯಾವಾಗ ಹೋಗ್ತಾರೆ ಸಾರ್?"

"ಇವತ್ತೇ ಹೊರಟಿದ್ರು. ಮಂಗಳವಾರ ಹೆಣ್ಮಕ್ಕಳನ್ನ ಕಳಿಸಬಾರದು ಅಂತ ನಾನೇ ನಿಲ್ಲಿಸ್ದೆ."

ಅರ್ಧ ತಲೆ

ಅಂಗಡಿ ಮುಚ್ಚಿಬಿಡೋಣ ಅಂತ ತೀರ್ಮಾನ ಮಾಡಿದ ಮಂಗಳವಾರವೇ ಒಬ್ಬರು ಕುರಿ ಕಾಯೋ ಅಜ್ಜ ಒಳಗೆ ಬಂದರು. ಹೊಸದುರ್ಗದ ಕಡೆ ಹೊಲಗಳಲ್ಲಿ ತಿಂಗಳುಗಟ್ಟಲೆ ಮಂದೆ ಜೊತೆ ಅಡ್ಡಾಡಿ, ಕುರಿಗಳನ್ನ ಮಕ್ಕಳಿಗೆ ಒಪ್ಪಿಸಿ, ಬಬ್ಬೂರಿನ ಮಗಳ ಮನೆಗೆ ಹೊರಟಿದ್ದರು. ಟವಲು ತೆಗೆದು ಕುರ್ಚಿ ಮೇಲೆ ಕೂತೇಬಿಟ್ಟರು.

ನನ್ನ ಕಣ್ಣಲ್ಲಿ ನೀರು ಬಂತು. ಅಂತೂ ಒಬ್ಬ ಮನುಷ್ಯ ಸಿಕ್ಕಿದ. ಮದುಮಗನಿಗೆ ಮಾಡೋ ಹಾಗೆ ನಾಜೂಕಾಗಿ ಎಡಗಡೆ ಮುಗಿಸಿದೆ. ಖುಷಿ ತಡೆಯೋಕಾಗಲಿಲ್ಲ, ಬಾಯಿಬಿಟ್ಟೆ.

"ಅಜ್ಜಾ, ನೀವು ಮಂಗಳವಾರ ಗಿಂಗಳವಾರ ನೋಡಲ್ವಾ?"

"ನೋಡ್ದೆ ಇರ್ತೀನಾ? ಅದಕ್ಕೇ ಸೋಮವಾರನೇ ಬಂದೀನಿ."

"ಇವತ್ತೇ ಮಂಗಳವಾರ ಅಜ್ಜ."

ಬೆಂಚಿನ ಮೇಲಿದ್ದವರು ಪೇಪರ್ ತೋರಿಸಿ ಹೌದು ಅಂದರು. ಅಜ್ಜ ಕೊರಳಲ್ಲಿ ಬಟ್ಟೆ ಇದ್ದಂಗೇ ಎದ್ದು ನಿಂತರು. ಒಂದು ಕಡೆ ಬೋಳು ಬಯಲು, ಇನ್ನೊಂದು ಕಡೆ ಜಾಲಿ ಪೊದೆ.

"ಅಜ್ಜಾ, ಅರ್ಧ ಆಗೋಗೈತೆ. ಚಿಟಿಕೆ ಹೊಡಿಯೋದ್ರಾಗೆ ಮುಗಿಸ್ತೀನಿ, ಕುಂತ್ಕಳ್ರಿ."

"ಆಗಿದ್ದು ಗೊತ್ತಿಲ್ದೆ ಆತು. ಉಳಿದದ್ದು ಗೊತ್ತಿದ್ದೂ ಮಾಡಿಸ್ಕಂಡ್ರೆ ತಪ್ಪಾಗ್ತೈತೆ" ಅಂತ ಟವಲು ಸುತ್ತಿಕೊಂಡು ಹೋಗೇಬಿಟ್ಟರು.

ಮಾರನೇ ದಿನ ಬುಧವಾರ, ಅಂಗಡಿ ತುಂಬ ಜನ. ಅಜ್ಜ ಬಂದು ಟವಲು ಬಿಚ್ಚಿದರು. ಯಾರೂ ನಗಲಿಲ್ಲ, ಎದ್ದು ಮುಂದೆ ಬಿಟ್ಟರು. ಅದೇ ಕತ್ತರಿ, ಅದೇ ಕೈಯಲ್ಲಿ ಬಲಗಡೆ ಮುಗಿಸಿದೆ. ಅಜ್ಜ ಕನ್ನಡಿಯಲ್ಲಿ ಒಂದು ಕಡೆ ನೋಡಿದರು, ತಲೆ ತಿರುಗಿಸಿ ಇನ್ನೊಂದು ಕಡೆ ನೋಡಿದರು.

"ಅದೇನೇ ಹೇಳಪ್ಪ, ನಿನ್ನೇದು ನೆಟ್ಟಗೆ ಬಂದಿಲ್ಲ. ಇವತ್ತಿಂದು ಎಷ್ಟು ಚಂದ ಬಂದೈತೆ ನೋಡು."

ಬೆಂಚಿನವರೆಲ್ಲ ಎದ್ದು ಬಂದು ನೋಡಿ ಹೌದೌದು ಅಂದರು. ನಾನೂ ಬಗ್ಗಿ ನೋಡಿದೆ. ನಿಜ ಹೇಳ್ತೀನಿ, ನನಗೂ ಹಂಗೇ ಕಾಣ್ತು.