ಅತ್ತೆಯ ಬೆಲ್ಲ ಮತ್ತು ಒಂದು ದಿನದ ಕ್ಯಾನು

ನಮ್ಮ ಅತ್ತೆಯ ಮನೆಯಿಂದ ಬರಿಗೈಯಲ್ಲಿ ಹೊರಬಂದವರು ಯಾರಾದರೂ ಇದ್ದರೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ! ಕರೆಂಟ್ ಮೀಟರ್ ನೋಡಲು ಬಂದವನಿಗೆ ಒಂದು ಅಚ್ಚು ಬೆಲ್ಲ. ವಿಳಾಸ ತಪ್ಪಿ ಬಂದವರಿಗೂ ಒಂದು ಅಚ್ಚು. ಬೇಲಿ ನುಗ್ಗಿ ಅವರೆ ಬಳ್ಳಿ ಮೇಯುತ್ತಿದ್ದ ಪಕ್ಕದ ಮನೆಯ ಎಮ್ಮೆಯನ್ನು ಬೈದು ಓಡಿಸುವಾಗಲೂ ಅದರ ಬಾಯಿಗೆ ಬೆಲ್ಲ ಇಟ್ಟೇ ಓಡಿಸಿದಳು. ಎಮ್ಮೆ ಮರುದಿನವೂ ಬಂತು. ಬರದೆ ಇರುತ್ತದೆಯೇ?

ಬೆಲ್ಲ ಕೊಟ್ಟರೆ ಮುಗಿಯುವುದಿಲ್ಲ. ನೆಂಟರು ಹೊರಟರೆ ಚಂದ್ರಗುತ್ತಿ ರಸ್ತೆಯ ಬಸ್ ಸ್ಟಾಪಿನವರೆಗೆ ನಡೆದು ಬಂದು, ಬಸ್ಸು ತಿರುವು ದಾಟುವ ತನಕ ನಿಂತಿರುತ್ತಾಳೆ. ಇವಳು ನನ್ನ ಅಪ್ಪನ ಅಕ್ಕ, ಸೊರಬದ ಕಡೆಯ ಹಳ್ಳಿಯವಳು. ನಾನು ಶಿಕಾರಿಪುರದ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು.

ಕಳೆದ ವರ್ಷ ಅತ್ತೆಯ ಮುಖ ದುಂಡಗಾಗತೊಡಗಿತು. ಊರವರೆಲ್ಲ ಮೈ ಕೈ ತುಂಬಿಕೊಂಡಿದ್ದೀರಿ ಎಂದರು, ಅತ್ತೆ ಹಿಗ್ಗಿದಳು. ನನಗೆ ಮಾತ್ರ ಭಯವಾಯಿತು. ಮುಖವೇನೋ ದುಂಡಗೆ, ಆದರೆ ಕೈಕಾಲು ಕಡ್ಡಿ. ಬಾಗಿಲು ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ಡಾಕ್ಟರು ನೋಡಿ, ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾಗಿರಬಹುದು, ಅದನ್ನು ಮಾಡುವ ಗ್ರಂಥಿಯಲ್ಲಿ ಗೆಡ್ಡೆ ಇದ್ದರೂ ಇರಬಹುದು, ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿದು ತನ್ನಿ ಎಂದರು.

"ಒಂದಿಡೀ ದಿನದ್ದಾ? ಯಾತಕ್ಕೆ ಮಾರಾಯ್ತಿ?"

ನಾನು ವಿವರಿಸಿದೆ. ಈ ಹಾರ್ಮೋನು ಎಣ್ಣೆಯ ಜಾತಿಯದು, ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಅದರ ಕೆಲಸ ಮುಗಿದ ಮೇಲೆ ಲಿವರ್ ಅದರ ಬಲ ಮುರಿದು, ಸಕ್ಕರೆಯಿಂದಾದ ಒಂದು ಪದಾರ್ಥವನ್ನು ಅದಕ್ಕೆ ಅಂಟಿಸುತ್ತದೆ. ಆಗ ಅದು ಕರಗಿ, ಕಿಡ್ನಿಯ ದಾರಿಯಲ್ಲಿ ಹೊರಗೆ ಹೋಗುತ್ತದೆ. ಎಲ್ಲೋ ಸ್ವಲ್ಪ ಮಾತ್ರ ಹಾಗೆಯೇ ಸೋರಿಹೋಗುತ್ತದೆ, ನಾವು ಅಳೆಯುವುದು ಅದನ್ನು. ಬೆಳಿಗ್ಗೆ ಒಂದು ಮಟ್ಟ, ರಾತ್ರಿ ಒಂದು ಮಟ್ಟ ಇರುವುದರಿಂದ ಇಡೀ ದಿನದ್ದು ಬೇಕು.

ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಮಾತು. "ಅಂದ್ರೆ ಲಿವರ್ರೂ ಸಿಹಿ ಕೊಟ್ಟೇ ಕಳ್ಸತ್ತೆ ಅನ್ನು! ನೀವೆಲ್ಲಾ ನನ್ನ ನೋಡಿ ನಗಾಡ್ತಿದ್ರಿ!" ಅಂದಿನಿಂದ ಮನೆಗೆ ಬಂದವರಿಗೆಲ್ಲ ಬೆಲ್ಲದ ಜೊತೆ ಲಿವರಿನ ಕಥೆಯೂ ಸಿಗತೊಡಗಿತು.

ಐದು ಲೀಟರಿನ ಬಿಳಿ ಕ್ಯಾನು ಕೊಟ್ಟು, ತಣ್ಣಗಿಡಬೇಕು, ಫ್ರಿಜ್ಜಿನಲ್ಲಾದರೆ ಒಳ್ಳೆಯದು ಎಂದೆ. "ದೇವ್ರ ನೈವೇದ್ಯದ ಹಾಲಿಡೋ ಫ್ರಿಜ್ಜಲ್ಲಿ ಅದಾ? ಶಿವ ಶಿವಾ!" ಎಂದವಳು ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿಟ್ಟಳು. ಅದೇ ಮೂಲೆಯಲ್ಲಿ ಮಾವ ದನದ ಗಂಜಲ ತುಂಬಿಡುವ ಕ್ಯಾನುಗಳಿದ್ದವು. ಅವೂ ಬಿಳಿ, ಅವೂ ಐದು ಲೀಟರು! ಶುಂಠಿ ಗದ್ದೆಗೆಂದು ಅವರು ಗಂಜಲ, ಸಗಣಿ, ಬೆಲ್ಲ, ಕಡಲೆಹಿಟ್ಟು ಕಲಸಿ ಡ್ರಮ್ಮಿನಲ್ಲಿ ಜೀವಾಮೃತ ಮಾಡುತ್ತಾರೆ. ಮರುದಿನ ಬೆಳಿಗ್ಗೆ ನಾನು ಹೋದಾಗ ಮಾವ ಡ್ರಮ್ಮಿಗೆ ಕೋಲು ಹಾಕಿ ತಿರುವುತ್ತಿದ್ದರು.

"ಇವತ್ತಿನ ಗಂಜಲ ಯಾಕೋ ತೆಳ್ಳಗಿತ್ತು ನೋಡು," ಎಂದರು.

ಅತ್ತೆ ಹಣೆ ಬಡಿದುಕೊಂಡಳು. "ಅಯ್ಯೋ, ನನ್ನ ರಿಪೋರ್ಟ್‌ನ ಶುಂಠಿಗೆ ಹಾಕ್ಬಿಟ್ರಲ್ರೀ!"

ಎರಡನೆಯ ಸಲ ಕ್ಯಾನಿಗೆ ಹಳೆಯ ಸೀರೆಯ ಕೆಂಪು ಅಂಚು ಕಟ್ಟಿ, ಹಗಲಿಡೀ ಅತ್ತೆ ಅದರ ಪಕ್ಕದಲ್ಲೇ ಕುಳಿತಳಂತೆ.

ಹಾರ್ಮೋನು ಹೆಚ್ಚಿರುತ್ತದೆ ಎಂದು ಹೆದರಿದ್ದೆವು. ಫಲಿತಾಂಶ ನೋಡಿದರೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ! ಡಾಕ್ಟರು ಕಾಗದ ಕೆಳಗಿಟ್ಟು, "ಅಮ್ಮಾ, ಮಂಡಿ ನೋವಿಗೆ ಪುಡಿ ಏನಾದ್ರೂ ತಗೊಳ್ತೀರೇನ್ರೀ?" ಎಂದು ಕೇಳಿದರು. ಅತ್ತೆ ಓರೆಗಣ್ಣಿನಲ್ಲಿ ನನ್ನ ಕಡೆ ನೋಡಿದಳು. ಆಮೇಲೆ ಸಂಚಿಯಿಂದ ನಾಲ್ಕು ಪೊಟ್ಟಣ ತೆಗೆದಿಟ್ಟಳು. ಸಂತೆಯಲ್ಲಿ ಕೊಂಡದ್ದು. ಅದರಲ್ಲಿ ಆ ಹಾರ್ಮೋನಿನ ಕೆಲಸವನ್ನೇ ಮಾಡುವ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಮುಖ ದುಂಡಗಾದದ್ದು ಅದರಿಂದಲೇ, ಹೊರಗಿನದು ಬರುತ್ತಿದೆಯಲ್ಲ ಎಂದು ಗ್ರಂಥಿ ತನ್ನ ಕೆಲಸವನ್ನೇ ನಿಲ್ಲಿಸಿದೆ, ಗೆಡ್ಡೆಯ ಮಾತು ಬಿಡಿ ಎಂದರು ಡಾಕ್ಟರು. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಂತೆ. ಅದೇ ಔಷಧಿಯ ಲೆಕ್ಕದ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಹೊರಗೆ ಬಂದು ನಾನು ರೇಗಿದೆ. "ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅತ್ತೆ? ನಾನು ನಿದ್ದೆ ಬಿಟ್ಟಿದೀನಿ!"

"ಹೇಳಿದ್ರೆ ನೀ ಬಿಡಿಸ್ತಿದ್ದೆ. ಪುಡಿ ಬಿಟ್ರೆ ಮಂಡಿ ಏಳಲ್ಲ ಕಣೇ. ನೀ ಹೊರಟಾಗ ಬಸ್ಸಿನ ತನಕ ಬರದು ಹ್ಯಾಂಗೆ?"

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಈಗ ಪುಡಿಯೂ ಇಲ್ಲ, ಮಾತ್ರೆಯೂ ಮುಗಿದಿದೆ. ಮುಖ ಮೊದಲಿನಂತಾಗಿದೆ, ಮಂಡಿ ಮಾತ್ರ ಏಳುವುದಿಲ್ಲ. ಕಳೆದ ಭಾನುವಾರ ನಾನು ಹೊರಟಾಗ ಅತ್ತೆ ಗೋಡೆ ಹಿಡಿದು ಎದ್ದಳು, ಮತ್ತೆ ಕೂತಳು. ಕೈಗೆ ಬೆಲ್ಲ ಇಟ್ಟು, "ಇಲ್ಲಿಂದ್ಲೇ ಹೋಗಿ ಬಾ," ಎಂದಳು. ಹೊರಡುವಾಗ ಆ ದಾರಿಯಲ್ಲಿ ಒಬ್ಬಳೇ ನಡೆದದ್ದು ಅದೇ ಮೊದಲು. ಬಸ್ಸು ಬಂತು, ನನಗೆ ಹತ್ತಲಾಗಲಿಲ್ಲ. ಹಿಂದಕ್ಕೆ ಬಂದೆ. ಅತ್ತೆ ಇನ್ನೂ ಜಗಲಿಯಲ್ಲೇ ಕೂತು ರಸ್ತೆಯ ಕಡೆ ನೋಡುತ್ತಿದ್ದಳು.

"ಏನೇ, ಏನಾದ್ರೂ ಮರ್ತ್ಯಾ?"

"ಹೂಂ ಅತ್ತೆ, ಮರ್ತಿದ್ದೆ," ಎಂದು ಪಕ್ಕದಲ್ಲಿ ಕೂತು, ಅಚ್ಚನ್ನು ಮುರಿದು ಅರ್ಧ ಬೆಲ್ಲ ಅವಳ ಕೈಗಿಟ್ಟೆ. ಇಷ್ಟು ವರ್ಷದಲ್ಲಿ ಅವಳ ಕೈಗೆ ಯಾರೂ ಇಟ್ಟಿರಲಿಲ್ಲ.