ಸಿಡಿಲುಭುಜನ ಮೈ ಬಿಡದ ಕಪ್ಪಂಟು

"ಇವತ್ತು ಈ ಪುಟ ನಾನೊಬ್ಬನೇ ಮುಗಿಸ್ತೀನಿ! ಗೆರೆಯೂ ನನ್ನದೇ, ಮಾತೂ ನನ್ನದೇ! ಯಾರ ಹಂಗೂ ನನಗೆ ಬೇಡ!"

ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಚಿತ್ರಕಾರ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ, ಕೇಳಿಸಿಕೊಂಡದ್ದು ಮನೆಯ ನಾಲ್ಕು ಗೋಡೆಗಳು ಮಾತ್ರ. ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಬೀದಿಯ ಅಕ್ಕನ ಮನೆಗೆ ಹೊರಟುಹೋಗಿದ್ದಳು. ಹೋಗುವಾಗ ಅಕ್ಷರ ಬರೆಯುವ ತನ್ನ ಪೆನ್ನನ್ನೂ ಕೈಚೀಲಕ್ಕೆ ಸೇರಿಸಿಕೊಂಡಿದ್ದಳು.

ಜಗಳಕ್ಕೆ ಮೂಲ ಒಂದು ಅನ್ಯಗ್ರಹದ ಜೀವಿ! ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಹನ್ನೊಂದು ವರ್ಷಗಳಿಂದ ಗಂಡಹೆಂಡಿರ ಸಾಹಸ ಚಿತ್ರಕತೆ ಬರುತ್ತಿತ್ತು. ಅದರ ನಾಯಕ ಸಿಡಿಲುಭುಜ. ಅವನ ಮೈಗೆ ಅಂಟಿಕೊಂಡದ್ದು ಕಪ್ಪಂಟು. ಯಾವುದೋ ನಕ್ಷತ್ರದಿಂದ ಉದುರಿ, ಅವನ ಚರ್ಮದ ಮೇಲೆ ಇನ್ನೊಂದು ಚರ್ಮವಾಗಿ ಕೂತು, ಅವನ ಊಟದಲ್ಲಿ ಪಾಲು ತಿಂದು, ತನ್ನ ಬಲವನ್ನೆಲ್ಲ ಅವನಿಗೆ ಧಾರೆಯೆರೆದ ಜೀವಿ ಅದು. ಈ ವಾರ ಅದನ್ನು ಕಿತ್ತೆಸೆದು ಸಿಡಿಲುಭುಜ ಒಬ್ಬನೇ ಆಕಾಶಕ್ಕೆ ನೆಗೆಯಬೇಕು ಎಂಬುದು ಚಿತ್ರಕಾರನ ಹಟ.

"ಅದು ಹೋದ್ರೆ ಅವನ ಹತ್ರ ಏನ್ರೀ ಉಳಿಯತ್ತೆ? ಬರೀ ಮೀಸೆ!" ಎಂದಿದ್ದಳು ಹೆಂಡತಿ.

"ಮೈ ಅವನದು ಕಣೇ! ಅಂಟ್ಕೊಂಡು ಬದುಕ್ತಿರೋದು ಅದು!"

"ಓಹೋ! ಅಂದ್ರೆ ಈ ಮನೇಲಿ ಅಂಟ್ಕೊಂಡಿರೋದು ನಾನು ಅಂತ?"

ಇಲ್ಲಿ ಬುದ್ಧಿವಂತನಾದ ಗಂಡ ಬಾಯಿ ಮುಚ್ಚಿಕೊಳ್ಳುತ್ತಾನೆ. ನಮ್ಮವನು ಬಾಯಿ ಬಿಟ್ಟ.

"ಮತ್ತೆ? ನಾನು ಗೆರೆ ಎಳೆದ್ರೆ ತಾನೇ ನೀನು ಗುಳ್ಳೆ ತುಂಬೋದು?"

ಗುಳ್ಳೆ ಎಂದರೆ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆ. ಚಿತ್ರ ಅವನದು, ಗುಳ್ಳೆ ಅವಳದು. ಆಮೇಲೆ ಆಕೆ ಆಡಿದ ಮಾತುಗಳನ್ನು ನಾನಿಲ್ಲಿ ಬರೆಯಲಾರೆ, ಸ್ವಲ್ಪ ಹೊತ್ತಿನಲ್ಲಿ ಅವೇ ಎದ್ದು ಬರುತ್ತವೆ!

ಹಟಕ್ಕೇನೋ ಹಟ ಮಾಡಿದ್ದಾಯಿತು, ಆದರೆ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಹೋದ ವಾರವೇ ಸಂಪಾದಕರು ಫೋನಿನಲ್ಲಿ ಗುಡುಗಿದ್ದರು: "ಈ ಸಲ ನಾಲ್ಕು ಗಂಟೆ ದಾಟಿದ್ರೆ ನಿಮ್ಮ ಸಿಡಿಲುಭುಜನ ಕತೆ ಮುಗೀತು ಅಂದ್ಕೊಳ್ಳಿ. ಆ ಪುಟಕ್ಕೆ ಪದಬಂಧ ಹಾಕ್ತೀನಿ!" ಹನ್ನೊಂದು ವರ್ಷ ಸಾಕಿ ಬೆಳೆಸಿದ ವೀರ ಪದಬಂಧದ ಕೈಯಲ್ಲಿ ಸಾಯುವುದೇ? 

ಹನ್ನೆರಡೂವರೆಗೆಲ್ಲ ಚಿತ್ರಗಳು ಮುಗಿದವು. ಕೊನೆಯ ದೊಡ್ಡ ಚೌಕದಲ್ಲಿ ಸಿಡಿಲುಭುಜ ಮುಷ್ಟಿ ಬಿಗಿದು, ಮೀಸೆ ಹಾರಿಸುತ್ತ, ಸ್ವತಂತ್ರನಾಗಿ ಸೂರ್ಯನತ್ತ ಹೊರಟಿದ್ದ. "ನೋಡು, ನೋಡು ಗತ್ತು!" ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡು, ಇನ್ನು ಮಾತು ತುಂಬೋಣವೆಂದು ಕಚ್ಚಾ ಪ್ರತಿ ತೆಗೆದ.

ಅದರಲ್ಲಿ ಹೀಗಿತ್ತು. ಸಿಡಿಲುಭುಜ: 'ಏನೋ ಒಂದು!' ಕಪ್ಪಂಟು: 'ಅದಕ್ಕೆ ಇನ್ನೊಂದು!' ಸಿಡಿಲುಭುಜ: 'ಕೋಪದಿಂದ ಮತ್ತೇನೋ!'

ಹನ್ನೊಂದು ವರ್ಷವೂ ಅವನು ಬರೆದುಕೊಟ್ಟದ್ದು ಇಷ್ಟೇ! ಆ 'ಏನೋ'ವನ್ನು ಮಾತಾಗಿ ಮಾಡುತ್ತಿದ್ದವಳು ಹೆಂಡತಿ. ತಾನು ಈವರೆಗೆ ಒಂದೇ ಒಂದು ಸಂಭಾಷಣೆಯನ್ನೂ ಬರೆದಿಲ್ಲ ಎಂಬ ಸತ್ಯ ಈ ಸಾಹಿತಿಗೆ ಆಗಷ್ಟೇ ಹೊಳೆಯಿತು. ಫೋನಿಗೆ ಕೈ ಹಾಕಿದ. ಮಾನ ಅಡ್ಡ ಬಂತು, ಕೈ ತೆಗೆದ. ಮತ್ತೆ ಹಾಕಿದ, ಮತ್ತೆ ತೆಗೆದ.

ಪೆನ್ನಿಲ್ಲ, ಇರಲಿ, ಕುಂಚವಿದೆಯಲ್ಲ! ಒಂದು ಚೂರು ಕಾಗದದ ಮೇಲೆ ಬರೆದು ನೋಡಿದ. ಮೊದಲ ಅಕ್ಷರವೇ ಕುಂಬಳಕಾಯಿಯ ಗಾತ್ರಕ್ಕೆ ಊದಿಕೊಂಡಿತು. ಸಿಟ್ಟಿನಿಂದ ಮೊಣಕೈ ಆಡಿಸಿದ. ಶಾಯಿ ಬಾಟಲಿ ಮಗುಚಿತು!

ಅಯ್ಯಯ್ಯೋ! ಕಪ್ಪು ಶಾಯಿ ಯಾವ ಆತುರವೂ ಇಲ್ಲದೆ, ದಾರಿ ಗೊತ್ತಿದ್ದವರ ಹಾಗೆ, ನೇರವಾಗಿ ಕೊನೆಯ ಚೌಕಕ್ಕೆ ನಡೆಯಿತು. ಸಿಡಿಲುಭುಜನ ಪಾದ ಹತ್ತಿತು, ಮೊಣಕಾಲು ಹತ್ತಿತು, ಎದೆ ಏರಿತು. ಚಿತ್ರಕಾರ ಬನಿಯನ್ ಕಿತ್ತು ಒರೆಸಿದ. ಅಂಗೈಯಿಂದ ಒರೆಸಿದ. ಬೆವರೆಂದು ಹಣೆ ಒರೆಸಿಕೊಂಡ, ಕಣ್ಣೀರೆಂದು ಕೆನ್ನೆ ಒರೆಸಿಕೊಂಡ. ಎಲ್ಲ ಮುಗಿದಾಗ ಆಕಾಶದಲ್ಲಿ ಉಳಿದದ್ದು ಒಂದು ತಲೆ ಮತ್ತು ಮೀಸೆ. ಕಪ್ಪಂಟು ನಾಯಕನನ್ನು ಕುತ್ತಿಗೆಯವರೆಗೆ ಮರಳಿ ಅಪ್ಪಿಕೊಂಡಿತ್ತು!

ಗಡಿಯಾರ ನೋಡಿದರೆ ಎರಡು. ಮತ್ತೆ ಬರೆಯಲು ಸಮಯವಿಲ್ಲ. ಸರಿ, ಕಪ್ಪಂಟು ಮೈ ಬಿಡಲಿಲ್ಲ ಎಂದೇ ಕತೆ ಮಾಡೋಣ. ಆದರೆ ಅದು ಮಾತಾಡಬೇಕಲ್ಲ? ಕಿತ್ತೆಸೆಯಲು ಬಂದವನಿಗೆ ಅಂಟಿಕೊಂಡವರು ಏನು ಹೇಳುತ್ತಾರೆ?

ಏನು ಹೇಳುತ್ತಾರೆಂದು ಅವನು ಬೆಳಿಗ್ಗೆ ತಾನೇ ಕಿವಿಯಾರೆ ಕೇಳಿದ್ದ!

ಶಾಲೆಗೆ ಹೋಗಿದ್ದ ಮಗಳ ಹಳೆಯ ಪೆನ್ಸಿಲ್ ಡಬ್ಬಿಯಿಂದ ಒಂದು ಬಾಲ್ ಪೆನ್ನು ಎತ್ತಿಕೊಂಡು ಒಂದೇ ಉಸಿರಿಗೆ ಬರೆಯತೊಡಗಿದ. ಮೊದಲ ಗುಳ್ಳೆ: 'ರೀ, ನಿಮ್ಮ ಕಾಲುಚೀಲ ಎಲ್ಲಿದೆ ಅಂತ ಹೇಳೋಕೂ ನಾನೇ ಬೇಕು!' ಎರಡನೆಯದು: 'ನಾನಿಲ್ದೆ ಒಂದೇ ಒಂದು ದಿನ ಬದುಕಿ ತೋರ್ಸಿ, ನೋಡೋಣ!' ಮೂರನೆಯದು: 'ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ, ಚೆನ್ನಾಗಿ ಮಾಡಿದೀಯ ಅಂದಿದೀರಾ?'

ಮೂರನೆಯದಕ್ಕೆ ಕೈ ನಿಂತಿತು. ಅಂದಿರಲಿಲ್ಲ. ನೆನಪು ಎಷ್ಟು ಕೆದಕಿದರೂ ಅಂದಿರಲಿಲ್ಲ. ಚಿತ್ರಕಾರನಿಗೆ ನಿಜವಾಗಿಯೂ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡೇ ಮಿಕ್ಕ ಗುಳ್ಳೆಗಳನ್ನೂ ತುಂಬಿದ. ಖಾಲಿ ಉಳಿದದ್ದು ಕೊನೆಯ ಚೌಕದ ಒಂದೇ ಗುಳ್ಳೆ, ಅದು ಸಿಡಿಲುಭುಜನದು. ಇಷ್ಟೆಲ್ಲ ಕೇಳಿದ ಮೇಲೆ ಗಂಡಸು ಏನು ಉತ್ತರ ಕೊಡಬೇಕೆಂದು ಅವನಿಗೆ ತೋಚಲೇ ಇಲ್ಲ.

ಮೂರಕ್ಕೆ ಐದು ನಿಮಿಷವಿರುವಾಗ ಕರೆಗಂಟೆ ಸದ್ದಾಯಿತು. ಸಾಕ್ಷಾತ್ ಸಂಪಾದಕರು!

"ನಿಮ್ಮನ್ನ ನಂಬ್ಕೊಂಡು ಕೂರೋಕಾಗಲ್ಲ, ನಾನೇ ಬಂದೆ. ಎಲ್ರೀ ಪುಟ? ಅಯ್ಯೋ, ಇದೇನ್ರೀ ನಿಮ್ಮ ಮುಖ!"

ಚಿತ್ರಕಾರ ಪುಟ ಮುಂದಿಟ್ಟ. ಸಂಪಾದಕರು ಕನ್ನಡಕ ಏರಿಸಿ ಓದಿದರು. ಹುಬ್ಬು ಗಂಟಿಕ್ಕಿತು. ಹೊಟ್ಟೆ ಕುಲುಕಿತು. ಆಮೇಲೆ ಕುರ್ಚಿ ಹಿಡಿದುಕೊಂಡು ನಗತೊಡಗಿದರು.

"ಹನ್ನೊಂದು ವರ್ಷ ಗುರ್ ಗುರ್ ಅಂತ ಮಾತಾಡ್ತಿದ್ದ ಅನ್ಯಗ್ರಹದ ಜೀವಿ 'ರೀ' ಅಂತಿದೆಯಲ್ರೀ! ನಮ್ಮನೇಲೂ ಇದೇ ಮಾತು, ಇದೇ ಧಾಟಿ! ಪದಬಂಧ ಹಾಳಾಗಿ ಹೋಗ್ಲಿ, ಇದು ನಡೀಲಿ!"

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ! ನೆಲ ನೋಡಿದಳು, ಬನಿಯನ್ ನೋಡಿದಳು, ಗಂಡನ ಮುಖ ನೋಡಿದಳು. ಪುಟ ಎತ್ತಿಕೊಂಡು ಒಂದೊಂದೇ ಗುಳ್ಳೆ ಓದಿದಳು. 

"ತಪ್ಪಾಯ್ತು ಕಣೇ," ಎಂದ. "ಮಾತೆಲ್ಲ ನಿನ್ನದೇ. ಯಾವತ್ತೂ ನಿನ್ನದೇ. ಚೆನ್ನಾಗಿ ಬರೀತೀಯ."

"ಅದಿರ್ಲಿ. ಹೊರಡುವಾಗ ನಾನು ಹೇಳಿದ್ದು ಒಂದು ಇದರಲ್ಲಿ ಬಿಟ್ಟೋಗಿದೆ."

"ಯಾವುದು?"

"'ಮೂರು ಗಂಟೆಗೆ ಬಂದು ಬರ್ಕೊಡ್ತೀನಿ, ಅಲ್ಲೀವರೆಗೆ ದಯವಿಟ್ಟು ಏನನ್ನೂ ಮುಟ್ಬೇಡಿ' ಅಂದಿದ್ದೆ. ನೀವು ಕೂಗಾಡೋದು ನಿಲ್ಲಿಸಿದ್ರೆ ತಾನೇ ಕೇಳ್ಸೋದು!"

ವೀರಾಧಿವೀರ ಮುಖ ತೊಳೆಯಲು ಬಚ್ಚಲುಮನೆಗೆ ನಡೆದ. ಹೆಂಡತಿ ಕೈಚೀಲದಿಂದ ಪೆನ್ನು ತೆಗೆದು ಕುಳಿತಳು.

"ಎಲ್ಲಾ ಸರಿ ಅಮ್ಮಾ," ಎಂದರು ಸಂಪಾದಕರು, "ಕೊನೇ ಗುಳ್ಳೆ ಖಾಲಿ ಇದೆ. ಇಷ್ಟಕ್ಕೆ ನಮ್ಮ ಸಿಡಿಲುಭುಜ ಏನಂತಾನೆ?"

"ಒಂದು ನಿಮಿಷ ಇರಿ ಸರ್, ಅವರೇ ಹೇಳ್ತಾರೆ," ಎಂದು ಆಕೆ ಪೆನ್ನು ಹಿಡಿದು ಕಾದಳು.

ಬಚ್ಚಲಿನಿಂದ ಧ್ವನಿ ಬಂತು: "ಲೇ, ಸೋಪು ಎಲ್ಲಿಟ್ಟಿದೀಯೇ?"

ಆಕೆ ಅದನ್ನು ಕೊನೆಯ ಗುಳ್ಳೆಯೊಳಗೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದಳು.